ಮೀನು ಮಾರಿದ ಹುಡುಗ, ಪ್ರಾಣಿಗಳ ಗ್ರಂಥ ಬರೆದ ವಿದ್ವಾಂಸ: ಅಲ್ ಜಾಹಿಝ್



ಆಹಾರ ಸರಪಳಿ ಎಂಬ ಪಾಠವನ್ನು ನೀವೆಲ್ಲರೂ ಓದಿಯೇ ಇರುತ್ತೀರಿ. ಹುಲ್ಲನ್ನು ಮಿಡತೆ ತಿನ್ನುತ್ತದೆ, ಮಿಡತೆಯನ್ನು ಕಪ್ಪೆ ತಿನ್ನುತ್ತದೆ, ಕಪ್ಪೆಯನ್ನು ಹಾವು, ಹಾವನ್ನು ಹದ್ದು. ಪರೀಕ್ಷೆಯಲ್ಲಿ ಈ ಚಿತ್ರ ಬರೆದು, ಬಾಣದ ಗುರುತು ಹಾಕಿ, ಎರಡೋ ಮೂರೋ ಅಂಕ ಪಡೆದು ನಾವು ಆ ಪಾಠವನ್ನು ಮರೆತುಬಿಡುತ್ತೇವೆ. ಆದರೆ ಇಂತಹ ಒಂದು ಸರಪಳಿಯನ್ನು ಹನ್ನೊಂದು ಶತಮಾನಗಳಿಗೂ ಹಿಂದೆಯೇ ಅರಬ್ಬಿ ಭಾಷೆಯಲ್ಲಿ ಕೊಂಡಿ ಕೊಂಡಿಯಾಗಿ ಬರೆದಿಟ್ಟ ಒಬ್ಬ ವಿದ್ವಾಂಸರಿದ್ದರು ಎಂಬುದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರು ಅರಮನೆಯಲ್ಲಿ ಹುಟ್ಟಿದವರಲ್ಲ. ಕಾಲುವೆಯ ದಡದಲ್ಲಿ ರೊಟ್ಟಿ ಮತ್ತು ಮೀನು ಮಾರಿ ಹೊಟ್ಟೆ ಹೊರೆದವರು. ಅವರ ಜೀವನವನ್ನು ನಿಮಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಅವರ ಪೂರ್ಣ ಹೆಸರು ಅಬೂ ಉಸ್ಮಾನ್ ಅಮ್ರ್ ಇಬ್ನ್ ಬಹ್ರ್. ಲೋಕಕ್ಕೆ ಅವರು ಅಲ್ ಜಾಹಿಝ್ ಎಂದೇ ಪರಿಚಿತರು. ಉರ್ದು ಬಲ್ಲ ಮಕ್ಕಳು ಇದನ್ನು ವರದಕ್ಷಿಣೆ ಎಂಬ ಅರ್ಥದ ಜಹೇಜ್ ಎಂದು ಕೇಳಿಸಿಕೊಂಡು ನಗಬಾರದು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಅರಬ್ಬಿಯಲ್ಲಿ ಜಾಹಿಝ್ ಎಂದರೆ ಕಣ್ಣುಗುಡ್ಡೆಗಳು ಮುಂದಕ್ಕೆ ಚಾಚಿದವನು ಎಂದರ್ಥ. ಅವರ ಕಣ್ಣುಗಳು ಹಾಗಿದ್ದವು, ಜನ ಹಾಗೆ ಕರೆದರು, ಆ ಅಡ್ಡಹೆಸರೇ ಇತಿಹಾಸದಲ್ಲಿ ಉಳಿಯಿತು. ತರಗತಿಯಲ್ಲಿ ಯಾರದಾದರೂ ರೂಪ ನೋಡಿ ಅಡ್ಡಹೆಸರು ಇಡುವ ಮೊದಲು ಇದನ್ನು ನೆನಪಿಡಿ. ಹೀಗೆ ಕರೆಸಿಕೊಂಡವರ ಪುಸ್ತಕಗಳನ್ನೇ ಅರಬ್ ಜಗತ್ತು ಇಂದಿಗೂ ಓದುತ್ತಿದೆ.

ಬಸ್ರಾದ ಬಾಲ್ಯ

ಜಾಹಿಝ್ ಅವರು ಸುಮಾರು ಕ್ರಿ.ಶ. 776ರಲ್ಲಿ ಇಂದಿನ ಇರಾಕಿನ ಬಸ್ರಾ ನಗರದಲ್ಲಿ ಹುಟ್ಟಿದರು. ಅದು ಅಬ್ಬಾಸಿ ಖಲೀಫರ ಕಾಲ. ಹಝ್ರತ್ ಉಮರ್ (ರ) ಅವರ ಆಡಳಿತ ಕಾಲದಲ್ಲಿ ಸೈನಿಕ ಬಿಡಾರವಾಗಿ ಆರಂಭವಾಗಿದ್ದ ಬಸ್ರಾ, ಆ ಹೊತ್ತಿಗೆ ದೊಡ್ಡ ವ್ಯಾಪಾರ ಕೇಂದ್ರವಾಗಿ ಬೆಳೆದಿತ್ತು. ಕಾಲುವೆಗಳು, ಖರ್ಜೂರದ ತೋಟಗಳು, ಜೌಗು ಪ್ರದೇಶ, ಸಮುದ್ರದ ಕಡೆಯಿಂದ ಬರುವ ಹಡಗುಗಳು, ಮರುಭೂಮಿಯ ಕಡೆಯಿಂದ ಬರುವ ಒಂಟೆಗಳ ಸಾಲು, ಇವೆಲ್ಲ ಒಂದೇ ಊರಿನಲ್ಲಿ ಸೇರುತ್ತಿದ್ದವು.

ಅವರದು ಬಡ ಕುಟುಂಬ. ಅರಬ್ಬರ ಕಿನಾನಾ ಬುಡಕಟ್ಟಿನ ಆಶ್ರಯದಲ್ಲಿದ್ದ ಮನೆತನ. ಅವರ ಅಜ್ಜ ಒಂಟೆ ಹೊಡೆಯುವ ಕೆಲಸದ ಕಪ್ಪು ವರ್ಣದ ವ್ಯಕ್ತಿಯಾಗಿದ್ದರೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಬಾಲಕ ಅಮ್ರ್ ಸೈಹಾನ್ ಎಂಬ ಕಾಲುವೆಯ ದಡದಲ್ಲಿ ರೊಟ್ಟಿ ಮತ್ತು ಮೀನು ಮಾರುತ್ತಿದ್ದ. ಬಿಡುವಾದಾಗ ಮಸೀದಿಗೆ ಹೋಗಿ ವಿದ್ವಾಂಸರ ಸುತ್ತ ಕೂತವರ ನಡುವೆ ತಾನೂ ಕೂತುಕೊಳ್ಳುತ್ತಿದ್ದ. ಆಗಿನ ಬಸ್ರಾದ ಮಸೀದಿಯಲ್ಲಿ ಪ್ರಾರ್ಥನೆಯ ಜೊತೆಗೆ ವ್ಯಾಕರಣ, ಕಾವ್ಯ, ಧರ್ಮಶಾಸ್ತ್ರ ಎಲ್ಲದರ ಚರ್ಚೆಯೂ ನಡೆಯುತ್ತಿತ್ತು. ಊರಂಚಿನ ಮಿರ್ಬದ್ ಎಂಬ ಸಂತೆಗೆ ಹೋದರೆ ಮರುಭೂಮಿಯ ಬದೂಯಿನ್ ಜನರಿಂದ ಶುದ್ಧ ಅರಬ್ಬಿ ಮಾತು, ಪದ್ಯಗಳು, ಪ್ರಾಣಿಗಳ ಬಗೆಗಿನ ಕಥೆಗಳು ಕಿವಿಗೆ ಬೀಳುತ್ತಿದ್ದವು. ಅಲ್ ಅಸ್ಮಈ, ಅಬೂ ಉಬೈದಾ ಮೊದಲಾದ ಭಾಷಾ ಪಂಡಿತರಿಂದ ಅವರು ಕಲಿತರು. ತರ್ಕವನ್ನು ಅನ್ನಝ್ಝಾಮ್ ಎಂಬ ಗುರುವಿನಿಂದ ಪಡೆದರು.

ಅವರ ತಾಯಿಯ ಬಗ್ಗೆ ಜೀವನ ಚರಿತ್ರೆಕಾರರು ಒಂದು ಕಥೆ ಹೇಳುತ್ತಾರೆ. ಮಗ ಸದಾ ಓದು ಬರಹದಲ್ಲೇ ಮುಳುಗಿ ದುಡಿಮೆಯನ್ನು ಮರೆತಿದ್ದನಂತೆ. ಒಂದು ದಿನ ಅವನು ಊಟ ಕೇಳಿದಾಗ ತಾಯಿ ತಟ್ಟೆಯ ತುಂಬ ಅವನ ಟಿಪ್ಪಣಿ ಪುಸ್ತಕಗಳನ್ನೇ ಇಟ್ಟು ಮುಂದಿಟ್ಟರು. ನೀನು ಮನೆಗೆ ತರುವುದು ಇದನ್ನೇ ತಾನೆ, ಇದನ್ನೇ ತಿನ್ನು ಎಂಬುದು ಅದರ ಅರ್ಥ. ಅವನು ನೊಂದು ಮಸೀದಿಗೆ ಹೋಗಿ ಕೂತ. ಅಲ್ಲಿ ಒಬ್ಬ ಸಿರಿವಂತ ಸ್ನೇಹಿತ ವಿಷಯ ತಿಳಿದು ಐವತ್ತು ದೀನಾರ್ ಕೊಟ್ಟ. ಹುಡುಗ ಹಿಟ್ಟು ಮತ್ತಿತರ ಸಾಮಾನು ಕೊಂಡು ಕೂಲಿಗಳ ತಲೆಯ ಮೇಲೆ ಹೊರಿಸಿ ಮನೆಗೆ ತಂದ. ಎಲ್ಲಿಂದ ಬಂತೆಂದು ತಾಯಿ ಬೆರಗಾಗಿ ಕೇಳಿದಾಗ, ನೀವು ತಟ್ಟೆಯಲ್ಲಿ ಇಟ್ಟಿರಲ್ಲ, ಆ ಪುಸ್ತಕಗಳಿಂದಲೇ ಬಂತು ಎಂದನಂತೆ.

ಈ ಕಥೆಯಲ್ಲಿ ಮಗನ ಉತ್ತರವನ್ನು ನಾವು ಮೆಚ್ಚುತ್ತೇವೆ. ಆದರೆ ತಾಯಿಯ ಕಷ್ಟವನ್ನೂ ನೋಡಬೇಕು. ಒಲೆ ಹಚ್ಚಲು ಹಿಟ್ಟಿಲ್ಲದ ಮನೆಯಲ್ಲಿ ಪುಸ್ತಕ ಹಿಡಿದು ಕೂತ ಮಗನನ್ನು ಕಂಡು ಸಿಟ್ಟಾದ ತಾಯಿಯನ್ನು ತಪ್ಪೆನ್ನಲು ಯಾರಿಗೂ ಮನಸ್ಸಾಗದು. ಇಂದಿಗೂ ಎಷ್ಟೋ ಮಕ್ಕಳು ಗ್ಯಾರೇಜು, ಹೋಟೆಲು, ತಳ್ಳುಗಾಡಿಯ ಕೆಲಸಕ್ಕಾಗಿ ಶಾಲೆ ಬಿಡುವುದು ಇದೇ ಕಾರಣಕ್ಕೆ. ಜಾಹಿಝ್ ಅವರ ಓದು ಮುಂದುವರಿದದ್ದು ಆ ದಿನ ಒಬ್ಬರು ಕೈ ಹಿಡಿದದ್ದರಿಂದ. ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿವೇತನದ ಕೆಲಸವೂ ಅದೇ ಅಲ್ಲವೇ?

ಬಗ್ದಾದಿನ ದಾರಿ

8ನೇ ಶತಮಾನದ ಕೊನೆಯಲ್ಲಿ ಬಗ್ದಾದಿನಲ್ಲಿ ಕಾಗದ ತಯಾರಿಕೆ ಆರಂಭವಾಗಿತ್ತು. ಚರ್ಮದ ಹಾಳೆಗಿಂತ ಕಾಗದ ಅಗ್ಗ. ಹೀಗಾಗಿ ಪುಸ್ತಕದಂಗಡಿಗಳು ಹೆಚ್ಚಿದವು. ಜಾಹಿಝ್ ಅವರು ಪುಸ್ತಕದಂಗಡಿಗಳನ್ನು ಬಾಡಿಗೆಗೆ ಹಿಡಿದು ರಾತ್ರಿಯಿಡೀ ಅಲ್ಲೇ ಕೂತು ಓದುತ್ತಿದ್ದರೆಂದೂ, ಕೈಗೆ ಸಿಕ್ಕ ಪುಸ್ತಕವನ್ನು ಮುಗಿಸದೆ ಕೆಳಗಿಡುತ್ತಿರಲಿಲ್ಲವೆಂದೂ ಸಮಕಾಲೀನರು ದಾಖಲಿಸಿದ್ದಾರೆ.

ಖಲೀಫ ಪದವಿಯ ಬಗ್ಗೆ ಅವರು ಬರೆದ ಪ್ರಬಂಧಗಳನ್ನು ಖಲೀಫ ಮಾಮೂನ್ ಮೆಚ್ಚಿದರು. ಅಲ್ಲಿಂದ ಅವರಿಗೆ ಬಗ್ದಾದಿನ ಬಾಗಿಲು ತೆರೆಯಿತು. ಮುಂದೆ ಖಲೀಫ ಮುತವಕ್ಕಿಲ್ ತಮ್ಮ ಮಕ್ಕಳಿಗೆ ಪಾಠ ಹೇಳಲು ಇವರನ್ನು ಕರೆಸಿ, ಮುಖ ನೋಡಿದ ಮೇಲೆ ಹಣ ಕೊಟ್ಟು ಹಿಂದಕ್ಕೆ ಕಳುಹಿಸಿದರೆಂಬ ಕಥೆಯೂ ಇದೆ. ಅವರು ಬಾಳಿದ್ದು ಬಹುಪಾಲು ಬರವಣಿಗೆಯಿಂದಲೇ. ತಮ್ಮ ಪ್ರಸಿದ್ಧ ಗ್ರಂಥ ಕಿತಾಬುಲ್ ಹಯವಾನ್ ಅನ್ನು ವಜೀರ ಇಬ್ನ್ ಅಝ್ಝಯ್ಯಾತ್ ಅವರಿಗೆ ಅರ್ಪಿಸಿ ಐದು ಸಾವಿರ ದೀನಾರ್ ಬಹುಮಾನ ಪಡೆದರು.

ಆದರೆ ಅಧಿಕಾರದ ನೆರಳು ಸ್ಥಿರವಲ್ಲ. 847ರಲ್ಲಿ ಆ ವಜೀರ ಪದಚ್ಯುತನಾಗಿ ಚಿತ್ರಹಿಂಸೆಯಿಂದ ಸತ್ತ. ಅವನ ಆಪ್ತರಾಗಿದ್ದ ಜಾಹಿಝ್ ಅವರನ್ನೂ ಸರಪಳಿ ಬಿಗಿದು ಕಾಜಿ ಇಬ್ನ್ ಅಬೀ ದುಆದ್ ಅವರ ಮುಂದೆ ನಿಲ್ಲಿಸಲಾಯಿತು. ಕಾಜಿ ಅವರ ಮಾತಿನ ಚಾತುರ್ಯಕ್ಕೆ ಮನಸೋತು ಬಿಡುಗಡೆ ಮಾಡಿದರು. ಭಾಷಣ ಕಲೆಯ ಬಗೆಗಿನ ಅಲ್ ಬಯಾನ್ ವತ್ತಬ್ಯೀನ್ ಎಂಬ ಗ್ರಂಥವನ್ನು ಜಾಹಿಝ್ ಅರ್ಪಿಸಿದ್ದು ಇದೇ ಕಾಜಿಯವರಿಗೆ. ಜಿಪುಣರನ್ನು ಕುರಿತ ಅವರ ನಗೆಬರಹಗಳ ಪುಸ್ತಕ ಕಿತಾಬುಲ್ ಬುಖಲಾ ಕೂಡ ಅಷ್ಟೇ ಪ್ರಸಿದ್ಧ. ಅವರು ಮುಅತಝಿಲಾ ಚಿಂತನೆಗೆ ಸೇರಿದವರು. ಅವರ ಧಾರ್ಮಿಕ ಅಭಿಪ್ರಾಯಗಳನ್ನು ಆಗಿನ ಮತ್ತು ನಂತರದ ಅನೇಕ ಉಲಮಾಗಳು ಒಪ್ಪಲಿಲ್ಲ. ಆದರೂ ಅರಬ್ಬಿ ಗದ್ಯದ ಗುರುಗಳಲ್ಲಿ ಅವರಿಗೆ ಮೊದಲ ಸಾಲಿನ ಸ್ಥಾನವಿದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಪ್ರಾಣಿಗಳ ಗ್ರಂಥ

ಉರ್ದುವಿನಲ್ಲಿ ಹೈವಾನ್ ಎಂಬುದು ಬೈಗುಳವಾಗಿಯೂ ಬಳಕೆಯಾಗುತ್ತದೆ. ಆದರೆ ಅರಬ್ಬಿಯ ಹಯವಾನ್ ಹುಟ್ಟಿದ್ದು ಹಯಾತ್, ಅಂದರೆ ಜೀವ ಎಂಬ ಪದ ಹುಟ್ಟಿದ ಮೂಲದಿಂದಲೇ. ಜೀವವುಳ್ಳದ್ದು ಎಂಬುದೇ ಅದರ ಅರ್ಥ. ಏಳು ಸಂಪುಟಗಳ ಕಿತಾಬುಲ್ ಹಯವಾನ್‌ನಲ್ಲಿ 350ಕ್ಕೂ ಹೆಚ್ಚು ಪ್ರಾಣಿಗಳ ಪ್ರಸ್ತಾಪವಿದೆ. ಆನೆ, ಸಿಂಹಗಳ ಜೊತೆಗೆ ನೊಣ, ಸೊಳ್ಳೆ, ಸಗಣಿ ಹುಳುಗಳಿಗೂ ಅಲ್ಲಿ ಸ್ಥಾನವಿದೆ. ಪವಿತ್ರ ಕುರ್‌ಆನ್‌ನಲ್ಲಿ ಜೇನುನೊಣ, ಇರುವೆ, ಜೇಡಗಳ ಹೆಸರಿನ ಅಧ್ಯಾಯಗಳಿರುವುದು ನಿಮಗೆ ಗೊತ್ತಿದೆ. ಸಣ್ಣ ಜೀವಿಯಲ್ಲೂ ಸೃಷ್ಟಿಕರ್ತನ ಕುರುಹನ್ನು ಹುಡುಕುವುದು ಜಾಹಿಝ್ ಅವರ ಗುರಿಯಾಗಿತ್ತು.

ಆ ಗ್ರಂಥ ಒಣ ಪಾಠವಲ್ಲ. ಬಸ್ರಾದ ಒಬ್ಬ ಕಾಜಿಯ ಕಥೆ ಅದರಲ್ಲಿದೆ. ಆ ಕಾಜಿ ನ್ಯಾಯಪೀಠದಲ್ಲಿ ಕಲ್ಲಿನಂತೆ ಅಲುಗಾಡದೆ ಕೂರುವುದಕ್ಕೆ ಹೆಸರಾದವರು. ಒಂದು ದಿನ ನೊಣವೊಂದು ಅವರ ಮೂಗಿನ ಮೇಲೆ, ಆಮೇಲೆ ಕಣ್ಣಿನ ಅಂಚಿನಲ್ಲಿ ಕೂತಿತು. ಸಹಿಸಿದರು, ರೆಪ್ಪೆ ಬಡಿದರು, ಕೊನೆಗೆ ಕೈಯಿಂದ, ಅಂಗಿಯ ತೋಳಿನಿಂದ ಓಡಿಸಲೇಬೇಕಾಯಿತು. ಅಲ್ಲಾಹನ ಸೃಷ್ಟಿಯಲ್ಲೇ ಅತಿ ದುರ್ಬಲವಾದದ್ದು ತಮ್ಮನ್ನು ಸೋಲಿಸಿತೆಂದು ಅವರೇ ಒಪ್ಪಿಕೊಂಡರು.

ಮಾಹಿತಿಯನ್ನು ಅವರು ಎಲ್ಲೆಡೆಯಿಂದ ಕೂಡಿಸಿದರು. ಹಳೆಯ ಅರಬ್ಬಿ ಪದ್ಯಗಳು, ಆಗಷ್ಟೇ ಅರಬ್ಬಿಗೆ ಬಂದಿದ್ದ ಅರಿಸ್ಟಾಟಲನ ಪ್ರಾಣಿಶಾಸ್ತ್ರ, ನಾವಿಕರು, ಬೇಟೆಗಾರರು, ಬದೂಯಿನ್ ಜನ, ಯಾರ ಮಾತನ್ನೂ ಅವರು ಕೀಳೆಂದು ಬಿಡಲಿಲ್ಲ. ಯಾರ ಮಾತನ್ನೂ ಕಣ್ಣುಮುಚ್ಚಿ ನಂಬಲೂ ಇಲ್ಲ. ಅರಿಸ್ಟಾಟಲನ ಮಾತಿಗೂ ಸಾಕ್ಷ್ಯ ಕೇಳಿದರು. ತಪ್ಪು ಅನುವಾದಕನದ್ದೂ ಆಗಿರಬಹುದೆಂದು ಎಚ್ಚರಿಸಿದರು. ಇಲಿ ಮತ್ತು ಚೇಳನ್ನು ಗಾಜಿನ ಪಾತ್ರೆಯಲ್ಲಿ ಕೂಡಿಹಾಕಿದರೆ ಅವು ಹೇಗೆ ಕಾದಾಡುತ್ತವೆ ಎಂಬ ವರ್ಣನೆಯೂ ಅವರ ಪುಸ್ತಕದಲ್ಲಿದೆ.

ರಿಜ್ಕ್‌ನ ಹಂಚಿಕೆ

ಈಗ ನಮ್ಮ ಆಹಾರ ಸರಪಳಿಗೆ ಬರೋಣ. ಜೀವಿಗಳ ನಡುವೆ ರಿಜ್ಕ್, ಅಂದರೆ ಜೀವನಾಧಾರ, ಹಂಚಿಕೆಯಾಗಿರುವ ಬಗೆಯನ್ನು ಜಾಹಿಝ್ ಒಂದು ಅಚ್ಚರಿಯೆಂದು ಕರೆದು ಅದನ್ನು ಹೀಗೆ ವಿವರಿಸುತ್ತಾರೆ. ತೋಳ ನರಿಯನ್ನು ತಿನ್ನುತ್ತದೆ. ನರಿ ಮುಳ್ಳಿಲಿಯನ್ನು, ಮುಳ್ಳಿಲಿ ಹಾವನ್ನು, ಹಾವು ಗುಬ್ಬಿಯನ್ನು, ಗುಬ್ಬಿ ಮಿಡತೆಯನ್ನು ತಿನ್ನುತ್ತದೆ. ಮಿಡತೆ ನೆಲಮಟ್ಟದ ಗೂಡಿನಲ್ಲಿರುವ ಕಣಜದ ಮರಿಗಳನ್ನು ಹುಡುಕುತ್ತದೆ. ಕಣಜ ಜೇನುನೊಣವನ್ನು, ಜೇನುನೊಣ ನೊಣವನ್ನು, ನೊಣ ಸೊಳ್ಳೆಯನ್ನು ಹಿಡಿಯುತ್ತದೆ. ಬೇಟೆಯಾಡುವ ಯಾವ ಪ್ರಾಣಿಯೂ ತಾನು ಬೇಟೆಯಾಗುವುದರಿಂದ ತಪ್ಪಿಸಿಕೊಳ್ಳಲಾರದು ಎಂಬುದು ಅವರ ತೀರ್ಮಾನ.

ಇದರಲ್ಲಿ ತಪ್ಪುಗಳಿವೆ. ಜೇನುನೊಣ ನೊಣಗಳನ್ನು ಬೇಟೆಯಾಡುವುದಿಲ್ಲ. ಅದರ ಆಹಾರ ಮಕರಂದ ಮತ್ತು ಪರಾಗ. ಮಿಡತೆ ಮುಖ್ಯವಾಗಿ ಸಸ್ಯಾಹಾರಿ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೊರತೆಯನ್ನು ನೀವೇ ಕಂಡುಹಿಡಿಯಬಲ್ಲಿರಿ. ಮೇಲಿನ ಸಾಲನ್ನು ಮತ್ತೊಮ್ಮೆ ಓದಿ. ಏನು ಕಾಣೆಯಾಗಿದೆ?

ಹೌದು, ಹಸಿರು ಗಿಡ. ಬೆಳೆ ಮತ್ತು ಖರ್ಜೂರದ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದ ಜಾಹಿಝ್ ಅವರ ಈ ಸರಪಳಿಯಲ್ಲಿ ಗಿಡವಿಲ್ಲ. ಯಾರು ಯಾರನ್ನು ತಿನ್ನುತ್ತಾರೆ ಎಂಬುದನ್ನು ಅವರು ನೋಡಿದರು. ಆದರೆ ತಿನ್ನುವ ಶಕ್ತಿ ಮೊದಲು ಎಲ್ಲಿಂದ ಬರುತ್ತದೆ, ಅದರಲ್ಲಿ ಎಷ್ಟು ಮುಂದಕ್ಕೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಸಾವಿರ ವರ್ಷ ಬೇಕಾಯಿತು. ಗಿಡದ ಹಸಿರು ಭಾಗ ಕೆಲಸ ಮಾಡಲು ಸೂರ್ಯನ ಬೆಳಕು ಬೇಕೆಂದು 1779ರಲ್ಲಿ ಯಾನ್ ಇಂಗೆನ್‌ಹೌಸ್ ತೋರಿಸಿದರು. 1927ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ಆಹಾರ ಸರಪಳಿಯನ್ನು ಪರಿಸರ ವಿಜ್ಞಾನದ ಕೇಂದ್ರಕ್ಕೆ ತಂದರು. ಅಮೆರಿಕದ ರೇಮಂಡ್ ಲಿಂಡೆಮನ್ ಎಂಬ ಯುವಕ ಮಿನ್ನೆಸೋಟದ ಒಂದು ಸಣ್ಣ ಕೆರೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಒಂದು ಸ್ತರದಿಂದ ಇನ್ನೊಂದು ಸ್ತರಕ್ಕೆ ಶಕ್ತಿ ಎಷ್ಟು ಸಾಗುತ್ತದೆಂದು ಲೆಕ್ಕ ಹಾಕಿದರು. ಮೊದಲು ತಿರಸ್ಕೃತವಾಗಿದ್ದ ಅವರ ಲೇಖನ 1942ರ ಅಕ್ಟೋಬರಿನಲ್ಲಿ ಅಚ್ಚಾಯಿತು. ಅದನ್ನು ನೋಡಲು ಅವರಿರಲಿಲ್ಲ. ಅದೇ ಜೂನ್‌ನಲ್ಲಿ 26ನೇ ವಯಸ್ಸಿನಲ್ಲೇ ತೀರಿಕೊಂಡಿದ್ದರು.

ಆ ಲೆಕ್ಕವನ್ನು ಸರಳವಾಗಿ ಹೀಗೆ ಹೇಳಬಹುದು. ಸೂರ್ಯನ ಬೆಳಕಿನ ಒಂದು ಸಣ್ಣ ಪಾಲನ್ನು ಮಾತ್ರ ಗಿಡಗಳು ದ್ಯುತಿಸಂಶ್ಲೇಷಣೆಯಿಂದ ಆಹಾರವಾಗಿಸುತ್ತವೆ. ಗಿಡ ತಿಂದ ಪ್ರಾಣಿ ಆ ಶಕ್ತಿಯ ಬಹುಪಾಲನ್ನು ಉಸಿರಾಟ, ಓಡಾಟ, ಮೈಬಿಸಿಗೆ ವೆಚ್ಚ ಮಾಡುತ್ತದೆ. ಒಂದಿಷ್ಟು ಜೀರ್ಣವಾಗದೆ ಹೊರಹೋಗುತ್ತದೆ. ಅದರ ಮೈಯಲ್ಲಿ ಉಳಿದು ಮುಂದಿನ ಪ್ರಾಣಿಗೆ ಸಿಗುವುದು ಸ್ಥೂಲವಾಗಿ ಶೇಕಡಾ 10 ಮಾತ್ರ. ಇದು ಎಲ್ಲೆಡೆ ಒಂದೇ ಅಲ್ಲ, ಹೆಚ್ಚು ಕಡಿಮೆ ಆಗುತ್ತದೆ. ಹುಲ್ಲಿನಲ್ಲಿ 10,000 ಪಾಲು ಶಕ್ತಿಯಿದ್ದರೆ ಮಿಡತೆಗೆ 1,000, ಗುಬ್ಬಿಗೆ 100, ಹಾವಿಗೆ 10, ಮುಳ್ಳಿಲಿಗೆ 1. ಅದಕ್ಕೇ ಹೊಲದಲ್ಲಿ ಮಿಡತೆಗಳು ಅಸಂಖ್ಯ, ಹಾವುಗಳು ಕೆಲವೇ.

ಈಗ ಜಾಹಿಝ್ ಅವರ ಸರಪಳಿಗೆ ಈ ಲೆಕ್ಕ ಹಾಕಿ ನೋಡಿ. ಸೊಳ್ಳೆಯಿಂದ ತೋಳದವರೆಗೆ ಒಂಬತ್ತು ಹೆಜ್ಜೆ. ಪ್ರತಿ ಹೆಜ್ಜೆಗೂ ಹತ್ತರಲ್ಲೊಂದು ಉಳಿದರೆ ತೋಳಕ್ಕೆ ಸಿಗುವುದು ನೂರು ಕೋಟಿಯಲ್ಲಿ ಒಂದು ಪಾಲು! ಅದನ್ನೇ ನಂಬಿ ಯಾವ ತೋಳವೂ ಬದುಕಲಾರದು. ನಿಜವಾದ ತೋಳ ಹುಲ್ಲು ತಿನ್ನುವ ಜಿಂಕೆ, ಕುರಿಗಳನ್ನೇ ನೇರವಾಗಿ ಹಿಡಿಯುತ್ತದೆ. ಅಂದರೆ ನಿಸರ್ಗದಲ್ಲಿರುವುದು ಒಂದೇ ಉದ್ದನೆಯ ಸರಪಳಿಯಲ್ಲ, ಹಲವು ಗಿಡ್ಡ ಸರಪಳಿಗಳು ಹೆಣೆದುಕೊಂಡ ಆಹಾರ ಜಾಲ. ಸತ್ತ ಜೀವಿಗಳ ಮೈಯ ಸತ್ವವನ್ನು ಸೂಕ್ಷ್ಮಜೀವಿಗಳು ಮಣ್ಣಿಗೆ ಮರಳಿಸುತ್ತವೆ, ಗಿಡ ಅದನ್ನು ಮತ್ತೆ ಹೀರುತ್ತದೆ. ಆದರೆ ಶಾಖವಾಗಿ ಹೋದ ಶಕ್ತಿ ಹಾಗೆ ಮರಳುವುದಿಲ್ಲ. ದಿನವೂ ಸೂರ್ಯನಿಂದ ಹೊಸದಾಗಿ ಬರಬೇಕು.

ನಾವು ಹೇಗೆ ನೆನೆಯಬೇಕು?

ಇಲ್ಲಿ ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಡಾರ್ವಿನ್‌ಗಿಂತ ಸಾವಿರ ವರ್ಷ ಮೊದಲೇ ಜಾಹಿಝ್ ವಿಕಾಸವಾದವನ್ನು ಸಂಪೂರ್ಣವಾಗಿ ಕಂಡುಹಿಡಿದಿದ್ದರು, ಆಧುನಿಕ ಪರಿಸರ ವಿಜ್ಞಾನವೆಲ್ಲ ಅವರ ಪುಸ್ತಕದಲ್ಲಿದೆ ಎಂಬ ಮಾತುಗಳು ನಮ್ಮ ನಡುವೆ ಓಡಾಡುತ್ತವೆ. ಪ್ರಾಣಿಗಳ ಹೋರಾಟ, ಪರಿಸರ ಮೈಬಣ್ಣದ ಮೇಲೆ ಬೀರುವ ಪ್ರಭಾವ ಇವುಗಳ ಬಗ್ಗೆ ಅವರು ಬರೆದದ್ದು ನಿಜ. ಆದರೆ 1859ರಲ್ಲಿ ಡಾರ್ವಿನ್ ಮಂಡಿಸಿದ ಸಿದ್ಧಾಂತ ಅದಲ್ಲ. ಇಲ್ಲದ ಹಿರಿಮೆಯನ್ನು ಹೊರಿಸಿದರೆ ಜಾಹಿಝ್ ದೊಡ್ಡವರಾಗುವುದಿಲ್ಲ. ಪ್ರತಿ ಮಾತಿಗೂ ಸಾಕ್ಷ್ಯ ಕೇಳಿದ ಅವರ ಗುಣಕ್ಕೇ ನಾವು ಎರವಾಗುತ್ತೇವೆ. ನಮ್ಮ ಮಕ್ಕಳು ಹೊರಗೆ ಹೋಗಿ ಇಂತಹ ಮಾತು ಆಡಿ ನಗೆಪಾಟಲಾಗುವುದು ನನಗೆ ಇಷ್ಟವಿಲ್ಲ. ಅವರು ನೋಡಿದ್ದು ಎಷ್ಟು, ನೋಡದೆ ಉಳಿದದ್ದು ಎಷ್ಟು ಎಂಬುದನ್ನು ತಿಳಿದು ಹೇಳಿದರೆ ಯಾರೂ ಅದನ್ನು ಅಲ್ಲಗಳೆಯಲಾರರು.

ಅವರ ಇನ್ನೊಂದು ವಿಚಾರ ಇಂದಿಗೂ ಬೇಕಾದದ್ದು. ಲೋಕದ ಹಿತವಿರುವುದು ಒಳಿತು ಕೆಡುಕು, ಉಪಕಾರಿ ಅಪಕಾರಿ ಎಲ್ಲವೂ ಬೆರೆತಿರುವುದರಲ್ಲಿ ಎಂದು ಅವರು ವಾದಿಸಿದರು. ಹಾವು ಕಂಡಲ್ಲೆಲ್ಲ ಬಡಿದು ಕೊಲ್ಲುವವರು ಇದನ್ನು ಯೋಚಿಸಬೇಕು. ನಮ್ಮ ಗದ್ದೆಗಳ ಕೇರೆ ಹಾವಿಗೆ ವಿಷವಿಲ್ಲ, ಅದರ ಮುಖ್ಯ ಆಹಾರಗಳಲ್ಲಿ ಇಲಿಯೂ ಒಂದು. ಅದನ್ನು ಕೊಂದರೆ ನಮ್ಮ ಭತ್ತದ ಪಾಲು ಇಲಿಗೆ ಹೋಗುತ್ತದೆ.

ಜಾಹಿಝ್ ಅವರ ಕೊನೆಯ ದಿನಗಳು ನೋವಿನವು. ಅವರು ಹುಟ್ಟೂರಾದ ಬಸ್ರಾಕ್ಕೆ ಮರಳಿದ್ದರು. ಪಾರ್ಶ್ವವಾಯುವಿನಿಂದ ದೇಹದ ಒಂದು ಭಾಗಕ್ಕೆ ಸ್ಪರ್ಶವೇ ಇರಲಿಲ್ಲ. ಇನ್ನೊಂದು ಭಾಗದಲ್ಲಿ ನೊಣ ಹಾರಿ ಹೋದರೂ ನೋವಾಗುವಷ್ಟು ಸಂಧಿವಾತ. ಹಿಜರಿ 255ರಲ್ಲಿ, ಅಂದರೆ ಕ್ರಿ.ಶ. 868ರ ಕೊನೆ ಅಥವಾ 869ರ ಆರಂಭದಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪುಸ್ತಕಗಳ ರಾಶಿ ಮೈಮೇಲೆ ಕುಸಿದು ಸತ್ತರೆಂಬ ಕಥೆ ಪ್ರಸಿದ್ಧವಾಗಿದೆ. ಅದು ಕಥೆಯೇ ಇರಬಹುದು. ಸುಮಾರು ಇನ್ನೂರು ಕೃತಿಗಳನ್ನು ಬರೆದವರೆಂದು ಅವರ ಬಗ್ಗೆ ಹೇಳುತ್ತಾರೆ. ಅವುಗಳಲ್ಲಿ ಒಂದು ಭಾಗ ಮಾತ್ರ ಉಳಿದಿದೆ. 14ನೇ ಶತಮಾನದಲ್ಲಿ ಅದ್ದಮೀರಿ ತಮ್ಮ ಪ್ರಾಣಿಕೋಶವನ್ನು ಬರೆದಾಗ ಜಾಹಿಝ್ ಅವರ ಗ್ರಂಥವನ್ನು ಆಧರಿಸಿದರು. 20ನೇ ಶತಮಾನದಲ್ಲಿ ಕೈರೋದ ಅಬ್ದುಸ್ಸಲಾಮ್ ಹಾರೂನ್ ಅವರು ಕಿತಾಬುಲ್ ಹಯವಾನ್ ಅನ್ನು ಶ್ರದ್ಧೆಯಿಂದ ಸಂಪಾದಿಸಿ ಪ್ರಕಟಿಸಿದರು.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಹಿತ್ತಲಿನಲ್ಲೋ, ಕೆರೆಯ ದಡದಲ್ಲೋ, ಮಸೀದಿಯ ಅಂಗಳದ ಮರದ ಕೆಳಗೋ ಅರ್ಧ ಗಂಟೆ ಕೂತು, ಯಾವ ಜೀವಿ ಯಾವುದನ್ನು ತಿನ್ನುತ್ತದೆ ಎಂದು ನೋಡಿ ಬರೆಯಿರಿ. ಕೇಳಿದ್ದನ್ನಲ್ಲ, ಕಣ್ಣಾರೆ ಕಂಡದ್ದನ್ನು ಮಾತ್ರ. ಪ್ರತಿ ಸಾಲಿನ ತುದಿಯಲ್ಲಿ ಒಂದು ಹಸಿರೆಲೆ ಸಿಗುವವರೆಗೂ ಹುಡುಕಿ. ಮತ್ತೆ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಬೀದಿಯಲ್ಲಿ ದುಡಿಯುತ್ತಲೇ ಓದಲು ಹಂಬಲಿಸುವ ಮಗುವೊಂದು ಕಂಡರೆ, ಬಸ್ರಾದ ಆ ಮಸೀದಿಯಲ್ಲಿ ನೊಂದು ಕೂತಿದ್ದ ಹುಡುಗನನ್ನು ನೆನಪಿಸಿಕೊಳ್ಳಿ.

ಉಪಯುಕ್ತ ಜ್ಞಾನವನ್ನು ಅಲ್ಲಾಹನು ನಮ್ಮೆಲ್ಲರಿಗೂ ಹೆಚ್ಚಿಸಲಿ. ಆಮೀನ್.